ಮೂಗಿನ ನೇರಕ್ಕೆ

ನೂರ ಎಪ್ಪತ್ಮೂರು ಸೆಂಟಿಮೀಟರು ಗೋಡೆ.
ಹದಿನಾಲ್ಕರ ಟೈಲು, ಸಂದಿಗೆ ಎರಡು ಮಿಲಿಮೀಟರು.
ಒಂದು ತುದಿಯಿಂದ ಹೊರಟರೆ ಹನ್ನೆರಡು ಇಡಿ,
ಇನ್ನೊಂದು ತುದಿಗೆ ಎರಡು ಬೆರಳಗಲದ ಚೂರು.
ಗಾರೆಯವನ ಮರ್ಯಾದೆ ಹೋಗುವುದು
ಇಂಥ ಚೂರಿನಲ್ಲೇ.
ಅದಕ್ಕೇ ಮೊದಲು ಗೋಡೆಯ ನಡು ಹಿಡಿ,
ಹನ್ನೊಂದು ಇಡಿ ಕೂರಿಸು,
ಕೊಯ್ದದ್ದನ್ನು ಎರಡೂ ಅಂಚಿಗೆ ಸಮ ಹಂಚು:
ನನಗೆ ಕಲಿಸಿದ್ದು ಇಷ್ಟು.
ಪೋರ್ಚುಗಲ್ಲಿನ ಈ ಓವಾರ್ ಊರಲ್ಲಿ
ಮನೆಗಳ ಮುಖವೇ ಟೈಲು;
ತಪ್ಪು ಕೂರಿಸಿದವನ ಹೆಸರು
ಬೀದಿಗೆಲ್ಲ ಗೊತ್ತು.

ದೆಯೊಲಿಂದಾ ಮೀನಿನ ಪೆಟ್ಟಿಗೆಯೊಂದನ್ನು ತಂದರು.
ಒಳಗೆ ಹಳೇ ಪೇಪರು, ಪೇಪರಿನೊಳಗೆ
ನೀಲಿ ಹಳದಿಯ ಮೂವತ್ತೊಂದು.
ಗಂಡ ಅಡೆರಿತೋ ನಡೆಸುತ್ತಿದ್ದ ಹೆಂಡದಂಗಡಿ ಕೆಡವಿದ ದಿನ
ಉಳಿಯಲ್ಲಿ ಒಂದೊಂದೇ ಬಿಡಿಸಿಕೊಂಡವು.
ಬೆನ್ನಿಗೆ ಇನ್ನೂ ಸುಣ್ಣ. ಒಂದರ ಮೈಗೆ
ಉಜ್ಜಿದರೂ ಹೋಗದ ಕರಿದೆಣ್ಣೆಯ ಜಿಡ್ಡು.
ಒಂದೊಂದೂ ಹೂವಿನ ಕಾಲು ಭಾಗ;
ನಾಲ್ಕು ಮೂಲೆ ಕೂಡಿದರೆ ಒಂದು ಹೂ.
ನೆಲದ ಮೇಲೆ ಹರಡಿ ನೋಡಿದೆವು.
ಏಳು ಹೂವಾಯಿತು. ಎಂಟನೆಯದು ಮುಕ್ಕಾಲು.

"ಏಳೇ ಸಾಕು, ನಟ್ಟನಡುವೆ ಪಟ್ಟಿ ಬರಲಿ,
ಬಾಗಿಲು ತೆಗೆದವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ."
"ಬಾಗಿಲಲ್ಲಿ ನಿಲ್ಲುವವಳು ನಾನೊಬ್ಬಳು," ಎಂದರು,
"ಟವೆಲ್ಲು ಹಿಡಿದು."

ಆಮೇಲೆ ಚಕ್ರದ ಕುರ್ಚಿಯನ್ನು ತಂದು ಗೋಡೆಗೆ ಎದುರಿಟ್ಟು
ನನ್ನನ್ನು ಕೂರಿಸಿದರು.
ಮಡಿಸಿದ ಪೇಪರು ನನ್ನ ಎಡಗೆನ್ನೆಗೆ ಅಡ್ಡ ಹಿಡಿದು,
"ಅವರಿಗೆ ಇಷ್ಟೇ. ಫೆಬ್ರವರಿಯಿಂದ
ಎಡಗಡೆಯ ಲೋಕ ಇಲ್ಲ.
ತಟ್ಟೆಯ ಬಲ ಅರ್ಧ ತಿಂದು
ಕಡಿಮೆ ಬಡಿಸಿದೆ ಅಂತ ಜಗಳ."

ನಲವತ್ತು ವರ್ಷ ಗೋಡೆಗಳ ನಡು ಹುಡುಕಿದವನು ನಾನು,
ತೂಗುಗುಂಡು ಇಳಿಬಿಟ್ಟು, ರಸಮಟ್ಟ ಇಟ್ಟು,
ದಾರಕ್ಕೆ ನೀಲಿ ಪುಡಿ ಸವರಿ ಚಿಮ್ಮಿ.
ಗೋಡೆಗೊಂದು ನಡು ಇದ್ದೇ ಇದೆ ಎಂದು ನಂಬಿದ್ದೆ.
ಆ ಕುರ್ಚಿಯಲ್ಲಿ ಕೂತಾಗ
ನನ್ನ ನಡು ಪೇಪರಿನ ಹಿಂದೆ ಹೋಗಿತ್ತು.
ಕಂಡದ್ದು ಹಸಿ ಸಿಮೆಂಟು, ನಲ್ಲಿಯ ಪೈಪು,
ಹಿಡಿಕಟ್ಟಿಗೆ ಕೊರೆದ ಎರಡು ತೂತು.

ಎದ್ದು, ಮೂಗಿನ ನೇರಕ್ಕೆ ಗೆರೆ ಎಳೆದೆ.
ನನ್ನ ಮೂಗಿನ ನೇರಕ್ಕೇ ಮಾತಾಡುತ್ತೇನೆಂದು
ಮನೆಯಲ್ಲಿ ಬೈಸಿಕೊಂಡದ್ದು ಎಷ್ಟೋ ಸಲ;
ಇನ್ನೊಬ್ಬರ ಮೂಗಿಗೆ ಗೆರೆ ಹಾಕಿದ್ದು
ಇದೇ ಮೊದಲು.

ಬಲ ತುದಿಯಿಂದ ಹೊರಟೆ, ಎಲ್ಲ ಇಡಿ.
ಕೂತವರ ಕಣ್ಣಿನೆತ್ತರಕ್ಕೆ ನಾಲ್ಕು, ಕೆಳಗೆ ನಾಲ್ಕು.
ಜಿಡ್ಡಿನ ಟೈಲು ಕೈಗೆಟಕುವಲ್ಲಿ,
ಅದು ದೆಯೊಲಿಂದಾರ ಹಟ.
ಮುಕ್ಕಾಲು ಹೂವನ್ನು ಗೆರೆಯ ಮೇಲೇ ಇಟ್ಟು
ಇಲ್ಲದ ಕಾಲು ಗೆರೆಯಾಚೆ ಬರುವ ಹಾಗೆ
ಅಲ್ಲಿಗೊಂದು ಬರೀ ಬಿಳಿ.
ಅವರ ಲೆಕ್ಕಕ್ಕೆ ಅದು ಇದ್ದರೂ ಅಷ್ಟೆ,
ಇಲ್ಲದಿದ್ದರೂ ಅಷ್ಟೆ.
ಜಾಣತನವೆಂದೇ ಅಂದುಕೊಂಡೆ.

ಗ್ರೌಟು ಒಣಗಿದ ಮೇಲೆ ಕುರ್ಚಿ ಒಳಬಂತು.
ಅಡೆರಿತೋ ಮಾತಾಡಲಿಲ್ಲ. ಬೆರಳು ಮಾತ್ರ
ಬಲದಿಂದ ಒಂದೊಂದೇ ಮೂಲೆ ಮುಟ್ಟುತ್ತ ಬಂದು
ಗೆರೆಯಲ್ಲಿ ನಿಂತಿತು.
ಆಮೇಲೆ, ಐದು ತಿಂಗಳು
ಆಸ್ಪತ್ರೆಯ ಹುಡುಗಿ ಬೇಡಿಕೊಂಡರೂ ಹೊರಳದ ಕತ್ತು
ಹಳೇ ಬಾಗಿಲಿನ ತಿರುಗಣಿಯಂತೆ ಮೆಲ್ಲಗೆ
ಎಡಕ್ಕೆ.

"ಒಂದು ಕಡಿಮೆ," ಎಂದರು. "ಯಾರು ಕದ್ದದ್ದು?"

ನೋಡಿದ್ದು ನನ್ನ ಕಡೆಗೇ.

ಮುಂದಿನ ತಿಂಗಳ ಹಳೇ ಸಾಮಾನಿನ ಸಂತೆಯಲ್ಲಿ
ಅದೇ ಹೂವಿನ ಕಾಲೊಂದು ಸಿಕ್ಕಿತು.
ಎಂಟು ಯೂರೋ, ಚೌಕಾಸಿ ಮಾಡಿ ಆರು.
ದೆಯೊಲಿಂದಾ ದುಡ್ಡು ಕೊಟ್ಟು, ಪೇಪರಿನಲ್ಲಿ ಸುತ್ತಿ
ಬೀರುವಿನ ಮೇಲಿಟ್ಟರು.
"ಈಗಲೇ ಬೇಡ. ದಿನಾ ಹುಡುಕುತ್ತಿದ್ದಾರೆ,
ಇನ್ನಷ್ಟು ಹುಡುಕಲಿ."

ಎಡದ ಕೊನೆಯಲ್ಲಿ, ನೆಲದಿಂದ ಸೂರಿನವರೆಗೆ,
ಆ ಎರಡು ಬೆರಳಗಲದ ಚೂರು ಹಾಗೇ ಇದೆ.
ಅಲ್ಲಿಯವರೆಗೆ ಕತ್ತು ಹೊರಳುವ ದಿನ ಬಂದರೆ
ಬೈಗುಳ ನನಗೆ.